ಚಿತ್ರ ಚೌಕಚೌಕವಾಗಿ ಒಡೆಯುವುದೇಕೆ?

ಜೋರು ಮಳೆಯ ದೃಶ್ಯ ಬಂದಾಗ, ಸಿಕ್ಸರ್ ಬಿದ್ದು ಕ್ರೀಡಾಂಗಣದ ಜನರೆಲ್ಲ ಎದ್ದು ಕುಣಿಯುವಾಗ, ಮದುವೆಯ ವಿಡಿಯೊದಲ್ಲಿ ಅಕ್ಷತೆ ಹಾರುವಾಗ ಪರದೆಯ ಮೇಲಿನ ಚಿತ್ರ ಸಣ್ಣ ಸಣ್ಣ ಚೌಕಗಳಾಗಿ ಒಡೆಯುವುದನ್ನು ನೀವು ನೋಡಿಯೇ ಇರುತ್ತೀರಿ. ಹಿಂದೆ ಚಿತ್ರ ಕೆಟ್ಟರೆ ಟಿ.ವಿ.ಯ ತಲೆಗೆ ಎರಡು ತಟ್ಟುತ್ತಿದ್ದೆವು. ಈಗಿನ ಟಿ.ವಿ.ಗೆ ತಟ್ಟೋಣವೆಂದರೆ ತಲೆಯೇ ಇಲ್ಲ! ಇರಲಿ, ಇಲ್ಲಿ ಕೆಟ್ಟಿರುವುದು ಟಿ.ವಿ.ಯೂ ಅಲ್ಲ. ಲೆಕ್ಕವೇ ಹಾಗಿದೆ.

ಲೆಕ್ಕ ನೋಡಿ. ‘ಫುಲ್ ಎಚ್.ಡಿ.’ ಚಿತ್ರವೊಂದರಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಬಿಂದುಗಳು. ಒಟ್ಟು 20 ಲಕ್ಷಕ್ಕೂ ಹೆಚ್ಚು. ಒಂದೊಂದು ಬಿಂದುವಿಗೂ ಕೆಂಪು, ಹಸಿರು, ನೀಲಿ ಎಂದು ಮೂರು ಬೈಟ್. ಸೆಕೆಂಡಿಗೆ 25 ಚಿತ್ರ. ಗುಣಿಸಿದರೆ ಸೆಕೆಂಡಿಗೆ ಸುಮಾರು 155 ಮೆಗಾಬೈಟ್ ಆಗುತ್ತದೆ. 4.7 ಗಿಗಾಬೈಟಿನ ಡಿ.ವಿ.ಡಿ. ಅರ್ಧ ನಿಮಿಷಕ್ಕೇ ತುಂಬಿಹೋಗುತ್ತದೆ! ಆದ್ದರಿಂದ ವಿಡಿಯೊವನ್ನು ಹಿಂಡಿ ಚಿಕ್ಕದು ಮಾಡದೆ ಗತಿಯಿಲ್ಲ.

ಹಿಂಡುವ ಈ ವಿದ್ಯೆಯ ಮೂಲದಲ್ಲಿ ನಮ್ಮ ಬೆಂಗಳೂರಿನವರೊಬ್ಬರಿದ್ದಾರೆಂಬುದು ಎಷ್ಟೋ ಜನರಿಗೆ ಗೊತ್ತಿಲ್ಲ. ನಾಸಿರ್ ಅಹ್ಮದ್ ಅವರು 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಇಲ್ಲಿಯ ವಿಶ್ವೇಶ್ವರಯ್ಯ ಇಂಜಿನಿಯರಿಂಗ್ ಕಾಲೇಜಿನಲ್ಲಿ 1961ರಲ್ಲಿ ಪದವಿ ಪಡೆದು ಅಮೆರಿಕಕ್ಕೆ ಹೋದವರು. 1972ರಲ್ಲಿ ಅವರು ಹೊಸದೊಂದು ಗಣಿತ ವಿಧಾನದ ಮೇಲೆ ಕೆಲಸ ಮಾಡಲು ಅಲ್ಲಿಯ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನವನ್ನು ಹಣ ಕೇಳಿದರು. ವಿಚಾರ ತೀರಾ ಸರಳವೆಂದು ಪರಿಶೀಲಕರೊಬ್ಬರಿಗೆ ಅನ್ನಿಸಿತು, ಹಣ ಸಿಗಲಿಲ್ಲ. ಅವರು ಕೈಬಿಡಲಿಲ್ಲ. ಟಿ. ನಟರಾಜನ್ ಮತ್ತು ಕೆ.ಆರ್. ರಾವ್ ಅವರೊಡನೆ 1974ರಲ್ಲಿ ಪ್ರಬಂಧ ಪ್ರಕಟಿಸಿದರು. ಅದೇ ‘ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್’, ಚಿಕ್ಕದಾಗಿ ಡಿ.ಸಿ.ಟಿ. ಇಂದು ನಿಮ್ಮ ಮೊಬೈಲಿನ ಫೋಟೊ, ವಿಡಿಯೊ ಬಹುಮಟ್ಟಿಗೆ ಇದರ ಅಥವಾ ಇದರ ಮರಿಗಳ ಹೆಗಲ ಮೇಲೆ ಕೂತಿವೆ. ಹತ್ತನೇ ತರಗತಿಯಲ್ಲಿ ‘ಕೊಸೈನ್ ಕಲಿತು ಏನು ಉಪಯೋಗ ಸಾರ್?’ ಎಂದು ಕೇಳುವವರು ಗಮನಿಸಬೇಕು.

ಕೆಲಸ ಹೀಗೆ ನಡೆಯುತ್ತದೆ. ಚಿತ್ರವನ್ನು ಚದುರಂಗದ ಹಾಸಿನಂತೆ 8×8 ಬಿಂದುಗಳ ಚೌಕಗಳಾಗಿ ಕತ್ತರಿಸುತ್ತಾರೆ. ಪ್ರತಿ ಚೌಕದ 64 ಬಿಂದುಗಳ ಬದಲು ಬೇರೆ 64 ಸಂಖ್ಯೆಗಳನ್ನು ಬರೆಯುತ್ತಾರೆ. ಮೊದಲನೆಯದು ಇಡೀ ಚೌಕದ ಸರಾಸರಿ ಬೆಳಕನ್ನು ಹೇಳುತ್ತದೆ. ಮುಂದಿನವು ಬೆಳಕು ನಿಧಾನವಾಗಿ ಏರಿಳಿಯುವುದನ್ನೂ, ಕೊನೆಯವು ಬೇಗ ಬೇಗ ಬದಲಾಗುವ ನವುರನ್ನೂ ಹೇಳುತ್ತವೆ. ಇಷ್ಟಕ್ಕೆ ಏನೂ ನಷ್ಟವಿಲ್ಲ. ನಷ್ಟ ಮುಂದಿನ ಹೆಜ್ಜೆಯಲ್ಲಿ. ಈ ಸಂಖ್ಯೆಗಳನ್ನು ಒಂದು ಅಳತೆಯಿಂದ, 20 ಎಂದಿಟ್ಟುಕೊಳ್ಳಿ, ಭಾಗಿಸಿ ಹತ್ತಿರದ ಪೂರ್ಣಾಂಕಕ್ಕೆ ತರುತ್ತಾರೆ. 83 ಇದ್ದದ್ದು 4 ಆಗುತ್ತದೆ. ಬಿಚ್ಚುವಾಗ ಅದು 80 ಎಂದು ಬರುತ್ತದೆ. 7 ಇದ್ದದ್ದು ಸೊನ್ನೆಯಾಗಿ ಕಳೆದೇಹೋಗುತ್ತದೆ. ಮಳೆಯಂಥ ದೃಶ್ಯದಲ್ಲಿ ಎಲ್ಲ ಬಿಂದುಗಳೂ ಒಮ್ಮೆಗೇ ಬದಲಾಗುವುದರಿಂದ, ಇದ್ದ ಜಾಗದಲ್ಲಿ ಹಿಡಿಸಲು ಅಳತೆಯನ್ನು ಇನ್ನೂ ಒರಟು ಮಾಡಬೇಕಾಗುತ್ತದೆ.

ಪ್ರತಿ ಚೌಕವೂ ಪಕ್ಕದ ಮನೆಯವರನ್ನು ಕೇಳದೆ ತನ್ನ ಪೂರ್ಣಾಂಕ ತಾನು ಮಾಡಿಕೊಳ್ಳುತ್ತದೆ. ಅಳತೆ 6 ಎನ್ನಿ. ಗೋಡೆಯ ಮೇಲೆ ಒಂದು ಚೌಕದ ಬೆಳಕು 102, ಪಕ್ಕದ್ದು 105. ಮೊದಲನೆಯದು 102 ಆಗಿಯೇ ಉಳಿಯುತ್ತದೆ. ಎರಡನೆಯದು 108ಕ್ಕೆ ಹಾರುತ್ತದೆ. ಮೂರರ ವ್ಯತ್ಯಾಸ ಆರಾಯಿತು, ನಡುವೆ ಗೆರೆ ಮೂಡಿತು. ನಮ್ಮ ಕಣ್ಣೋ, ಗೆರೆ ಹಿಡಿಯುವುದರಲ್ಲಿ ಮಹಾ ಚುರುಕು. ಬೆಳಕು ಬದಲಾಗುವ ಅಂಚನ್ನು ಕಣ್ಣು ಇದ್ದದ್ದಕ್ಕಿಂತ ಹೆಚ್ಚು ಮಾಡಿ ತೋರಿಸುತ್ತದೆಂದು ಅರ್ನ್ಸ್ಟ್ ಮಾಖ್ 1865ರಲ್ಲಿಯೇ ಹೇಳಿದ್ದ.

ಪರಿಹಾರ? ಗಾರೆ ಕೆಲಸದವರು ಗಿಲಾವಿನ ಕೂಡುಗೆರೆಯನ್ನು ಸವರಿ ಒಂದು ಮಾಡುವುದಿಲ್ಲವೆ, ಹಾಗೆಯೇ. ಗಡಿಯ ಈಚೆ 102, 102, 102, ಆಚೆ 108, 108, 108 ಇದ್ದರೆ ಅದನ್ನು 102, 103, 104, 106, 107, 108 ಎಂದು ತಿದ್ದುತ್ತಾರೆ. ಆದರೆ ಎಲ್ಲ ಗಡಿಗಳನ್ನೂ ಸವರಿಬಿಟ್ಟರೆ ಚಿತ್ರವೆಲ್ಲ ಮಸುಕು. ಕಪ್ಪು ಹಲಗೆ 40, ಸೀಮೆಸುಣ್ಣದ ಗೆರೆ 200 ಇದ್ದರೆ ಅದು ನಿಜವಾದ ಅಂಚು, ಮುಟ್ಟಬಾರದು. ಯಂತ್ರಕ್ಕೆ ಇದು ತಿಳಿಯುವುದು ಹೇಗೆ? ಇಲ್ಲಿಯ ಜಾಣತನ ನನಗೆ ಬಹಳ ಇಷ್ಟ. ಭಾಗಿಸಿದ ಅಳತೆ ಯಂತ್ರಕ್ಕೆ ಗೊತ್ತೇ ಇದೆಯಲ್ಲ! ಅಳತೆ 6 ಆಗಿದ್ದಾಗ 160ರ ನೆಗೆತ ಪೂರ್ಣಾಂಕದ ತಪ್ಪಿನಿಂದ ಹುಟ್ಟಲಾರದು. ನೆಗೆತ ಚಿಕ್ಕದಾಗಿದ್ದರೆ ಸವರು, ದೊಡ್ಡದಾಗಿದ್ದರೆ ಬಿಡು.

ಡಿ.ವಿ.ಡಿ.ಗಳಲ್ಲಿ ಬಳಸಿದ ಎಂಪೆಗ್-2 ನಿಯಮದಲ್ಲಿ ಈ ಸವರುವ ಕೆಲಸ ಇರಲಿಲ್ಲ, ಬೇಕಾದರೆ ಟಿ.ವಿ. ತಯಾರಕರು ಮಾಡಿಕೊಳ್ಳಬೇಕಿತ್ತು. 2003ರ ಎಚ್.264 ಅದನ್ನು ನಿಯಮದೊಳಗೇ ತಂದಿತು. ವಿಡಿಯೊದಲ್ಲಿ ಮುಂದಿನ ಚಿತ್ರವನ್ನು ಪೂರ್ತಿ ಬರೆಯುವುದಿಲ್ಲ. ಹಿಂದಿನ ಚಿತ್ರದ ತುಂಡುಗಳನ್ನು ಅತ್ತಿತ್ತ ಸರಿಸಿ, ಉಳಿದ ವ್ಯತ್ಯಾಸವನ್ನಷ್ಟೆ ಬರೆಯುತ್ತಾರೆ. ಹಿಂದಿನದರಲ್ಲಿ ಗೆರೆ ಉಳಿದಿದ್ದರೆ ಅದು ಮುಂದಿನದಕ್ಕೂ ಅಂಟುರೋಗದಂತೆ ಹೋಗುತ್ತದೆ. ಆದ್ದರಿಂದ ಸವರಿದ ಮೇಲೆಯೇ ನಕಲಿಗೆ ಇಳಿಯುವುದು ಸರಿ. 2013ರ ಎಚ್.265ರಲ್ಲಿ ಇನ್ನೂ ಒಂದು ತಿದ್ದುಪಡಿ ಸೇರಿತು.

ಇನ್ನೊಂದು ಕೀಟಲೆಯಿದೆ. ತೀಕ್ಷ್ಣವಾದ ಅಂಚಿಗೆ ಆ ಕೊನೆಯ ಸಂಖ್ಯೆಗಳೆಲ್ಲ ಬೇಕು. ಅವು ಸೊನ್ನೆಯಾದರೆ ಅಕ್ಷರದ ಸುತ್ತ ಅಲೆಗಳಂಥ ಕಲೆ ಮುತ್ತಿಕೊಳ್ಳುತ್ತದೆ. ಇಂಜಿನಿಯರರು ಇದಕ್ಕೆ ಸೊಳ್ಳೆಯ ಹೆಸರನ್ನೇ ಇಟ್ಟಿದ್ದಾರೆ! 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ಮೊಬೈಲಿನಲ್ಲಿ ಪಾಠ ನೋಡಿದ ಮಕ್ಕಳಿಗೆ ಈ ಸೊಳ್ಳೆ ಕಚ್ಚದೆ ಬಿಟ್ಟಿರಲಾರದು. ಋಣ ಚಿಹ್ನೆ ಮಾಯವಾದರೆ, ವರ್ಗದ ಪುಟ್ಟ 2 ಕಲೆಯಾಗಿ ಹೋದರೆ, 3 ಮತ್ತು 8 ಒಂದೇ ಆದರೆ ಲೆಕ್ಕ ಹೇಗೆ ಅರ್ಥವಾದೀತು? ‘ನಾನೇ ದಡ್ಡ’ ಎಂದುಕೊಳ್ಳುವುದು ಮಕ್ಕಳ ಸ್ವಭಾವ. ತಂದೆತಾಯಿಯರು ಬೈಯುವ ಮೊದಲು ಪರದೆಯನ್ನೊಮ್ಮೆ ನೋಡುವುದು ಒಳ್ಳೆಯದು.

ಪಾಠದ ವಿಡಿಯೊ ತೆಗೆಯುವವರು ಕೆಲವನ್ನು ಖರ್ಚಿಲ್ಲದೆ ಮಾಡಬಹುದು. ಮೊಬೈಲನ್ನು ಕೈಯಲ್ಲಿ ಹಿಡಿಯದೆ ಅಲುಗದಂತೆ ನಿಲ್ಲಿಸಿ. ಕೈ ನಡುಗಿದರೆ ಇಡೀ ಚಿತ್ರವೇ ಸರಿದು ಜಾಗ ತಿನ್ನುತ್ತದೆ. ಬೆಳಕು ಚೆನ್ನಾಗಿರಲಿ. ಮಬ್ಬಿನಲ್ಲಿ ಕ್ಯಾಮೆರಾ ಹುಟ್ಟಿಸುವ ಕಾಳುಕಾಳು ಚುಕ್ಕಿಗಳನ್ನೂ ಯಂತ್ರ ನಿಷ್ಠೆಯಿಂದ ಬರೆಯಲು ಹೊರಟು ಅಕ್ಷರಕ್ಕೆ ಜಾಗ ಉಳಿಸುವುದಿಲ್ಲ. ಅಕ್ಷರ ದಪ್ಪಗಿರಲಿ, ಬಿಳಿಯ ಸೀಮೆಸುಣ್ಣವೇ ಇರಲಿ. ಬಣ್ಣದ ವಿವರವನ್ನು ಸಾಮಾನ್ಯವಾಗಿ ನಾಲ್ಕು ಬಿಂದುಗಳಿಗೆ ಒಂದರಂತೆ ಮಾತ್ರ ಬರೆಯುವುದರಿಂದ ಕೆಂಪು, ನೀಲಿ ಅಕ್ಷರಗಳು ಬೇಗ ಕದಡುತ್ತವೆ. ನೋಡುವವರು ಟಿ.ವಿ.ಯ ‘ಶಾರ್ಪ್‌ನೆಸ್’ ಏರಿಸಬೇಡಿ, ಇಳಿಸಿ. ಅದು ಚೌಕದ ಗೆರೆಯನ್ನೂ ಸೊಳ್ಳೆಯನ್ನೂ ಸೇರಿಸಿಯೇ ಚೂಪು ಮಾಡುತ್ತದೆ.

ಕಳೆದುಹೋದ ವಿವರ ಮಾತ್ರ ಯಾವ ಸವರುವಿಕೆಯಿಂದಲೂ ಮರಳಿ ಬರುವುದಿಲ್ಲ. ಕೃತಕ ಬುದ್ಧಿಮತ್ತೆಯಿಂದ ಹಳೆಯ ವಿಡಿಯೊವನ್ನು ಹೊಸದಾಗಿಸುತ್ತೇವೆನ್ನುವವರು ಇಲ್ಲದ್ದನ್ನು ಊಹಿಸಿ ತುಂಬುತ್ತಾರೆ. ಊಹೆ ಚೆಂದವಾಗಿರಬಹುದು, ಸರಿಯೇ ಆಗಿರಬೇಕೆಂದಿಲ್ಲ. ಇದು ವಿಡಿಯೊದ ಮಾತಲ್ಲದಿದ್ದರೂ ಹೇಳಬೇಕು: 2013ರಲ್ಲಿ ಜರ್ಮನಿಯ ಡೇವಿಡ್ ಕ್ರೀಸೆಲ್ ಎಂಬವರು ಝೆರಾಕ್ಸ್ ಯಂತ್ರಗಳಲ್ಲಿ ಸ್ಕ್ಯಾನ್ ಮಾಡಿದ ಕಾಗದಗಳಲ್ಲಿ 6 ಇದ್ದಲ್ಲಿ 8 ಬರುವುದನ್ನು ಪತ್ತೆಹಚ್ಚಿದರು. ಜಾಗ ಉಳಿಸಲು ಯಂತ್ರ ಒಂದೇ ಥರ ಕಂಡ ತುಂಡುಗಳನ್ನು ಒಂದರ ಬದಲು ಒಂದು ಕೂರಿಸಿತ್ತು. ಅಂಕಿಗಳು ಸ್ಫುಟವಾಗಿಯೇ ಇದ್ದವು, ತಪ್ಪಾಗಿದ್ದವು.

ಮನೆಯಲ್ಲಿ ಕಂಪ್ಯೂಟರ್ ಇರುವವರು ಒಂದು ಪ್ರಯೋಗ ಮಾಡಿ. ಬಿಳಿ ಹಾಳೆಯ ಮೇಲೆ ದಪ್ಪನೆ ‘ಕ’ ಬರೆದು ಫೋಟೊ ತೆಗೆಯಿರಿ. ಚಿತ್ರ ತಿದ್ದುವ ಯಾವುದಾದರೂ ತಂತ್ರಾಂಶದಲ್ಲಿ ಅದನ್ನು ಚಿಕ್ಕದು ಮಾಡಿ, ಜೆಪೆಗ್ ಗುಣಮಟ್ಟ 10ರಲ್ಲೊಮ್ಮೆ, 90ರಲ್ಲೊಮ್ಮೆ ಉಳಿಸಿ. ಎರಡನ್ನೂ ಹಿಗ್ಗಿಸಿ ಪಕ್ಕಪಕ್ಕ ಇಡಿ. ಮೊದಲನೆಯದರಲ್ಲಿ ಚೌಕಗಳು ಕಾಣುತ್ತವೆ. ಒಂದು ಚೌಕದ ಬದಿಯಲ್ಲಿ ಎಷ್ಟು ಬಿಂದುಗಳಿವೆ, ಎಣಿಸಿ ನೋಡಿ.