ಸಂಜೆಯ ಕಾಫಿಗೆ ಎಲ್ಲಿ ಕೂರಬೇಕು?

ಇಟಲಿಯ ಮಿಲಾನ್ ನಗರದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಪತ್ರ ಬರೆದಿದ್ದಾನೆ. ಬರುವ ಡಿಸೆಂಬರಿನಲ್ಲಿ ಅಲ್ಲಿನ ಗೆಳೆಯರನ್ನು ಕರೆದುಕೊಂಡು ಊರಿಗೆ ಬರುವವನಿದ್ದಾನೆ. ಆ ನಗರದಲ್ಲಿ ಸಂಜೆ ಆರರಿಂದ ಎಂಟರವರೆಗೆ ಜನರು ಕಾಲುವೆಯ ದಂಡೆಯ ಅಂಗಡಿಗಳಲ್ಲಿ ಸೇರಿ, ಒಂದು ಲೋಟ ಪಾನೀಯ ಹಿಡಿದು, ಜೊತೆಗೆ ಕೊಡುವ ಕುರುಕಲನ್ನು ಮೆಲ್ಲುತ್ತ ಹರಟುತ್ತಾರೆ. ಅದಕ್ಕೆ ‘ಅಪೆರಿಟಿವೊ’ ಎಂದು ಹೆಸರು. ಹಸಿವಿನ ಬಾಗಿಲು ತೆರೆಯುವುದು ಎಂಬ ಅರ್ಥದಿಂದ ಬಂದ ಮಾತು. “ಸಾರ್, ನಮ್ಮ ಚಿಕ್ಕಮಗಳೂರಿನಲ್ಲಿ ಅಂಥದಕ್ಕೆ ಒಳ್ಳೆಯ ಜಾಗ ಯಾವುದು? ವ್ಯೂ ಚೆನ್ನಾಗಿರುವ ಕೆಫೆ ಇದ್ದರೆ ಹೇಳಿ” ಎಂದು ಕೇಳಿದ್ದಾನೆ.

ಬೆಂಗಳೂರಿನಿಂದ ಬರುವ ನೆಂಟರಿಷ್ಟರೂ ಇದನ್ನೇ ಕೇಳುತ್ತಿರುವುದರಿಂದ ಎಲ್ಲರಿಗೂ ಒಟ್ಟಿಗೆ ಇಲ್ಲಿ ಉತ್ತರಿಸುತ್ತೇನೆ. ವ್ಯೂ ಇರುವ ಕೆಫೆಗೆ ಹೋಗಬೇಡಿ. ಬೆಟ್ಟವನ್ನು ನೋಡುವುದಾದರೆ ಬೆಟ್ಟಕ್ಕೇ ಹೋಗಿ ನೋಡಿ. ಕಾಫಿ ಕುಡಿಯುವುದಾದರೆ ಪೇಟೆಯ ಹೋಟೆಲಿಗೆ ಹೋಗಿ, ಬೆಂಚಿನ ಮೇಲೆ ಗುರುತಿಲ್ಲದವರ ಪಕ್ಕದಲ್ಲಿ ಕುಳಿತು ಕುಡಿಯಿರಿ.

ನಮ್ಮ ಸೀಮೆಯ ಸಂಜೆಯ ತಿಂಡಿಗೆ ತನ್ನದೇ ಆದ ಕ್ರಮವೊಂದಿದೆ. ಮಧ್ಯಾಹ್ನದ ಊಟದ ಗದ್ದಲ ಅಡಗಿ ನಾಲ್ಕು ಗಂಟೆಯಾಗುತ್ತಲೇ ಎಣ್ಣೆಯ ಬಾಣಲೆ ಒಲೆಯೇರುತ್ತದೆ. ಗೋಳಿಬಜೆ, ಮೆಣಸಿನಕಾಯಿ ಬಜ್ಜಿ, ಈರುಳ್ಳಿ ಪಕೋಡ, ಘಟ್ಟ ಹತ್ತಿ ಬಂದು ನಮ್ಮದೇ ಆಗಿಹೋದ ಬಾಳೆಹಣ್ಣಿನ ಬನ್ಸ್. ಬೆಳಗಿನ ಡಿಕಾಕ್ಷನ್ ಚೆಲ್ಲಿ ಹೊಸದನ್ನು ಇಳಿಸುವ ಹೋಟೆಲು ಒಳ್ಳೆಯ ಹೋಟೆಲು. ಅದನ್ನೇ ಕಾಯಿಸಿ ಕೊಡುವ ಹೋಟೆಲನ್ನು ಮೂಗೇ ಗುರುತಿಸುತ್ತದೆ. ಚಿಕ್ಕಮಗಳೂರಿನ ಎಂ.ಜಿ. ರಸ್ತೆಯಲ್ಲಿ ಪಾಂಡುರಂಗ ಕಾಫಿ ಅಂಗಡಿಯ ಹುಡಿಯ ಪರಿಮಳವನ್ನು ದಾಟಿಕೊಂಡು ಹೋಗಿ, ಟೌನ್ ಕ್ಯಾಂಟೀನಿನ ಮಸಾಲೆದೋಸೆಗೆ ಕಾಯುವುದು ನಮ್ಮೂರಿನವರಿಗೆ ಹೊಸತಲ್ಲ. ಮೂಡಿಗೆರೆಯಿಂದ ಮುಂದಕ್ಕೆ, ಒಂದು ದಾರಿ ಚಾರ್ಮಾಡಿ ಘಾಟಿಗೂ ಇನ್ನೊಂದು ಕಳಸಕ್ಕೂ ಕವಲೊಡೆಯುವ ಕೊಟ್ಟಿಗೆಹಾರದಲ್ಲಿ, ಮಂಜು ಮುಸುಕಿದ ಸಂಜೆ ಕಾವಲಿಯಿಂದ ನೇರವಾಗಿ ತಟ್ಟೆಗೆ ಬೀಳುವ ನೀರುದೋಸೆಯ ರುಚಿಗೆ ಯಾವ ವ್ಯೂ ಬೇಕು? ಮೊದಲು ಮೂಡಿಗೆರೆ ತಾಲ್ಲೂಕಿಗೆ ಸೇರಿದ್ದು ಈಗ ತಾನೇ ತಾಲ್ಲೂಕಾಗಿರುವ ಕಳಸದಲ್ಲಿ ಆಷಾಢದ ಮಳೆ ಹಿಡಿದರೆ, ಬಿಸಿ ಬಜ್ಜಿಯ ತಟ್ಟೆಯೇ ಸಂಜೆಯ ಸಭಾಭವನ. ಬಸ್ಸಿಗೆ ಕಾಯುವ ಹೊರನಾಡಿನ ಯಾತ್ರಿಕರು, ತೋಟದ ರೈಟರು, ಅಡಿಕೆ ವ್ಯಾಪಾರಿ, ಕೊಡೆ ಮಡಚಿ ಒಳಬರುವ ಮೇಷ್ಟರು, ಎಲ್ಲರೂ ಒಂದೇ ಸೂರಿನಡಿ.

ಇನ್ನು ಕೆಫೆಯ ಮಾತು. ಕಳೆದ ಮಾಗಿಯಲ್ಲಿ ನೆಂಟರ ಒತ್ತಾಯಕ್ಕೆ ಅಂಥದೊಂದು ಕಡೆ ಹೋಗಿದ್ದೆ, ಹೆಸರು ಬೇಡ. ಎರಡು ಲೋಟ ಕಾಫಿ, ಒಂದು ತಟ್ಟೆ ಹುರಿದ ಆಲೂಗಡ್ಡೆ. ಬಿಲ್ಲಿನ ಮೊತ್ತ ನೋಡಿ ನನಗೆ ನೆನಪಾದದ್ದು ಎದುರಿನ ಇಳಿಜಾರಿನಲ್ಲಿ ಹಣ್ಣು ಕೊಯ್ಯುತ್ತಿದ್ದ ಹೆಂಗಸರು. ಅವರಲ್ಲೊಬ್ಬರು ಒಳಬಂದು ಕುಳಿತರೆ ಇಡೀ ದಿನದ ಕೂಲಿ ಆ ಮೇಜಿನ ಮೇಲೆಯೇ ಮುಗಿದುಹೋಗುತ್ತದೆ. ಅವರು ಬರುವುದಿಲ್ಲ, ಬರಲೆಂದು ಯಾರೂ ಅದನ್ನು ಕಟ್ಟಿಯೂ ಇಲ್ಲ. ಕಾಫಿ ಕೊಯ್ದವರನ್ನು ಗಾಜಿನ ಆಚೆ ದೃಶ್ಯವಾಗಿ ನಿಲ್ಲಿಸಿ, ಕಾಫಿ ಕುಡಿಯುವವರನ್ನು ಈಚೆ ಕೂರಿಸುವ ಈ ಏರ್ಪಾಡಿಗೆ ನನ್ನ ಆಕ್ಷೇಪ.

ಇಟಲಿಯವರಂತೆ ಆಗಬೇಕೆಂದು ಹಂಬಲಿಸುವವರು ಇಟಲಿಯನ್ನಾದರೂ ಸರಿಯಾಗಿ ನೋಡಬೇಡವೇ? ನಮ್ಮ ದೇಶದ ಕಾಫಿಯನ್ನು ಅತಿ ಹೆಚ್ಚಾಗಿ ಕೊಳ್ಳುವ ದೇಶ ಅದು. ಅಲ್ಲಿ ಕಟ್ಟೆಯ ಮುಂದೆ ನಿಂತು ಕುಡಿದರೆ ಒಂದು ಬೆಲೆ, ಕುಳಿತರೆ ಹೆಚ್ಚಿನ ಬೆಲೆ. ನಿಂತು ಕುಡಿಯುವ ಕಾಫಿ ಮಾತ್ರ ಕೂಲಿಗಾರನಿಗೂ ವಕೀಲನಿಗೂ ಎಟುಕುವಂತೆ ಇರುತ್ತದೆ. ಹಡಗಿನಲ್ಲಿ ಅಷ್ಟು ದೂರ ಹೋದ ನಮ್ಮ ಬೀಜ ಅಲ್ಲಿನ ದುಡಿಯುವವನ ಕೈಗೆ ಸಿಗುತ್ತದೆ, ಬೆಳೆದ ಬೆಟ್ಟದಲ್ಲಿ ಸಿಗುವುದಿಲ್ಲ!

ಕೆಫೆಯ ಪರವಾಗಿ ಹೇಳಬೇಕಾದ ನ್ಯಾಯವಾದ ಮಾತೂ ಇದೆ. ಅಲ್ಲಿ ಚಿಕೋರಿ ಬೆರೆಸದ ತೋಟದ ಅರೇಬಿಕಾ ಸಿಗುತ್ತದೆ. 1942ರ ಕಾಫಿ ಕಾಯಿದೆಯ ಕಾಲದಿಂದ 1990ರ ದಶಕದ ಮಧ್ಯದವರೆಗೂ ಬೆಳೆಗಾರ ತನ್ನ ಕಾಫಿಯನ್ನು ಮಂಡಳಿಯ ಪೂಲಿಗೆ ಒಪ್ಪಿಸಬೇಕಾಗಿತ್ತು. ತೋಟದ ಹೆಸರು ಲೋಟದವರೆಗೆ ಬರುವ ದಾರಿಯೇ ಇರಲಿಲ್ಲ. ಪೂಲು ಹೋಗಿ, 2019ರಲ್ಲಿ ಚಿಕ್ಕಮಗಳೂರು ಅರೇಬಿಕಾ ಮತ್ತು ಬಾಬಾಬುಡನ್‌ಗಿರಿ ಅರೇಬಿಕಾಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆ ಬಂದ ಮೇಲೆ ತರುಣ ಬೆಳೆಗಾರರು ತಮ್ಮ ಕಾಫಿಯನ್ನು ತಾವೇ ಹುರಿದು ಮಾರುತ್ತಿರುವುದು ಸಂತೋಷದ ಸಂಗತಿ. 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ತೆರೆದ ದಿವಂಗತ ವಿ.ಜಿ. ಸಿದ್ಧಾರ್ಥ ನಮ್ಮ ಜಿಲ್ಲೆಯ ತೋಟದ ಮನೆತನದವರೇ. ಹುಡುಗ ಹುಡುಗಿಯರು ಮದ್ಯವಿಲ್ಲದ ಜಾಗದಲ್ಲಿ ಗಂಟೆಗಟ್ಟಲೆ ಕೂರಬಹುದೆಂದು ತೋರಿಸಿಕೊಟ್ಟವರು. ಇದನ್ನೆಲ್ಲ ನಾನು ಅಲ್ಲಗಳೆಯುವುದಿಲ್ಲ.

ಆದರೆ ಹೋಟೆಲಿನ ಬೆಂಚು ಖಾಲಿಯಾದರೆ ಆ ಜಾಗಕ್ಕೆ ಬರುವುದು ಏನೆಂದು ಯೋಚಿಸಿದ್ದೀರಾ? ಊರಿನ ಉಳ್ಳವರು ಕೆಫೆಗೆ ಹೋದರು, ಪ್ರವಾಸಿಗಳು ಹೋಂಸ್ಟೇಯ ಬೆಂಕಿಯ ಸುತ್ತ ಬಾಟಲಿ ಬಿಚ್ಚಿದರು. ಗಿರಾಕಿಯಿಲ್ಲದ ಹೋಟೆಲಿನವನು ಮಧ್ಯಾಹ್ನದ ಊಟಕ್ಕೇ ಬಾಗಿಲೆಳೆಯುತ್ತಾನೆ. ಸಂಬಳದ ದಿನ ಲೈನ್ ಮನೆಯಿಂದ ಪೇಟೆಗೆ ಇಳಿದ ಕೂಲಿಯವನಿಗೆ, ಅಸ್ಸಾಮಿನಿಂದ ಬಂದು ಭಾಷೆಯೂ ಬಾರದ ಹುಡುಗನಿಗೆ, ಆರು ಗಂಟೆಯ ಮೇಲೆ ದೀಪ ಹಚ್ಚಿ ಕರೆಯುವ ಬಾಗಿಲು ವೈನ್ ಶಾಪಿನದೊಂದೇ. ಕುಡಿತದಿಂದ ಮನೆಗಳು ಹಾಳಾದುದನ್ನು ನಾನು ಹಾಜರಿ ಪುಸ್ತಕದಲ್ಲಿ ಓದಿದ್ದೇನೆ. ತಂದೆಯ ಕುಡಿತ ಹೆಚ್ಚಿದ ಮನೆಯ ಮಗು ಮೊದಲು ಸೋಮವಾರ ತಪ್ಪಿಸುತ್ತಿತ್ತು, ಆಮೇಲೆ ಕೊಯ್ಲಿನ ತಿಂಗಳುಗಳನ್ನು, ಆಮೇಲೆ ಶಾಲೆಯನ್ನೇ.

ಹಳೆಯ ಹೋಟೆಲುಗಳೆಲ್ಲ ಸ್ವರ್ಗವಾಗಿದ್ದವೆಂದು ನಾನು ಹೇಳುತ್ತಿಲ್ಲ. ಜಾತಿ ನೋಡಿ ಪಂಕ್ತಿ ಬೇರೆ ಮಾಡುತ್ತಿದ್ದ ಹೋಟೆಲುಗಳು ಈ ನಾಡಿನಲ್ಲಿ ಇದ್ದವು. ಜಾತಿಯ ಗೋಡೆ ಒಡೆಯಲು ಅಷ್ಟು ವರ್ಷ ಹಿಡಿಯಿತು. ಈಗ ಬೆಲೆಯ ಗೋಡೆ ಎಬ್ಬಿಸುತ್ತಿದ್ದೇವೆ. ಹೆಂಗಸರಿಗೆ ಪರದೆ ಎಳೆದ ‘ಫ್ಯಾಮಿಲಿ ರೂಮ್’ ಬಿಟ್ಟರೆ ಜಾಗವಿರಲಿಲ್ಲ, ಇಂದಿಗೂ ಎಷ್ಟೋ ಹೋಟೆಲುಗಳಲ್ಲಿ ಅವರಿಗೊಂದು ಚೊಕ್ಕಟವಾದ ಶೌಚಾಲಯವಿಲ್ಲ. ಕೊಯ್ಲಿನ ಕೆಲಸದ ಬಹುಪಾಲು ಹೆಂಗಸರದು; ಅವರಿಗೆ ಸಂಜೆಯ ಕಾಫಿಯೆಂದರೆ ಲೈನ್ ಮನೆಯ ಒಲೆಯ ಮುಂದಿನ ಬೆಲ್ಲದ ಕರಿ ಕಾಫಿಯಷ್ಟೆ. ಹೋಟೆಲಿನ ಮಾಲೀಕರಲ್ಲಿ ಕೆಲವರು ನನ್ನ ಶಿಷ್ಯರೇ ಆಗಿರುವುದರಿಂದ ಸಲುಗೆಯಿಂದ ಹೇಳುತ್ತೇನೆ: ಮೊದಲು ಅದೊಂದನ್ನು ಕಟ್ಟಿಸಿ. ಎರಡನೆಯದಾಗಿ, ಹುಡಿಯಲ್ಲಿ ಚಿಕೋರಿ ಎಷ್ಟೆಂದು ದರಪಟ್ಟಿಯ ಕೆಳಗೆ ಬರೆಯಿರಿ. ಕಾಫಿ-ಚಿಕೋರಿ ಮಿಶ್ರಣದಲ್ಲಿ ಕನಿಷ್ಠ ನೂರಕ್ಕೆ 51 ಪಾಲು ಕಾಫಿ ಇರಬೇಕೆಂಬುದು ನಿಯಮ. ಅಂದರೆ ಉಳಿದ 49 ಪಾಲು ಬೇರಿನ ಹುಡಿಯಾಗಿದ್ದರೂ ತಪ್ಪಲ್ಲ. ಕಾಫಿಯ ತವರಿನಲ್ಲಿ ಅರ್ಧ ಲೋಟ ಬೇರಿನ ಕಷಾಯ ಕುಡಿಸುವುದಕ್ಕೆ ನಾಚಿಕೆಯಾಗಬೇಕು.

ಕಾಫಿ ಮಂಡಳಿಗೂ ಒಂದು ಮಾತಿದೆ. ಜನಸಾಮಾನ್ಯರಿಗೆ ಕಾಫಿ ಕುಡಿಸಲೆಂದು ಅದು ಒಂದು ಕಾಲಕ್ಕೆ ತಾನೇ ಕಾಫಿ ಹೌಸುಗಳನ್ನು ನಡೆಸಿತ್ತು. 1950ರ ದಶಕದಲ್ಲಿ ಅವನ್ನು ಮುಚ್ಚಹೊರಟಾಗ, ಎ.ಕೆ. ಗೋಪಾಲನ್ ಅವರ ಬೆಂಬಲದೊಡನೆ ಕೆಲಸಗಾರರೇ ಸಹಕಾರ ಸಂಘ ಕಟ್ಟಿದರು; ಅದರ ಮೊದಲ ಸಂಘ 1957ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿತು. ತಟ್ಟೆ ಎತ್ತುವವನೂ ಪಾಲುದಾರನಾದ ಆ ಸಂಸ್ಥೆ ಇಂದಿಗೂ ಕಾಫಿ ಕೊಡುತ್ತಿದೆ. ಚಿಕ್ಕಮಗಳೂರಿನಲ್ಲಿ ಕಾಫಿಯ ವಸ್ತುಸಂಗ್ರಹಾಲಯ ಮಾಡಿದ್ದು ಒಳ್ಳೆಯದೇ. ಅದರಂತೆಯೇ ಮೂಡಿಗೆರೆಯಲ್ಲಿ, ಕಳಸದಲ್ಲಿ, ಬಸ್ ನಿಲ್ದಾಣದ ಬಳಿ, ಚಿಕೋರಿಯಿಲ್ಲದ ಕಾಫಿಯನ್ನು ಹೋಟೆಲಿನ ಬೆಲೆಗೆ, ರಾತ್ರಿ ಎಂಟರವರೆಗೆ ಕೊಡುವ ಮಳಿಗೆಯೊಂದನ್ನು ಕೆಲಸಗಾರರ ಸಂಘಕ್ಕೆ ವಹಿಸಿ ನಡೆಸಲು ಅಡ್ಡಿಯೇನು?

ಅಷ್ಟರವರೆಗೆ ನಿಮ್ಮ ಕೈಲಾದುದು ಇಷ್ಟು. ರಜೆಗೆ ಬಂದವರು ಮನೆಯಲ್ಲೇ ಕಾಫಿ ಮುಗಿಸಿ ಹೊರಡಬೇಡಿ. ಪರದೇಶದ ಗೆಳೆಯರಿದ್ದರೆ ಅವರನ್ನೂ ಬೆಂಚಿನಲ್ಲೇ ಕೂರಿಸಿ. ಎದುರು ಕುಳಿತವರಾರೆಂದು ಕೇಳಿ ತಿಳಿದು, ಅವರಿಗೂ ಹೇಳಿ. ಇಬ್ಬರಿದ್ದರೆ ಬೈಟೂ ಬೇಡ, ಎರಡು ಪೂರ್ತಿ ಕಾಫಿಯನ್ನೇ ತರಿಸಿ, ಹೋಟೆಲಿನವನಿಗೂ ಗಿಟ್ಟಬೇಕಲ್ಲ. ಐದು ಗಂಟೆಗೆಲ್ಲ ಹೋಗಿಬಿಡಿ. ಆರೂವರೆಯ ಮೇಲೆ ಗೋಳಿಬಜೆ ಉಳಿದಿರುವುದಿಲ್ಲ.