ತಟ್ಟೆಯಲ್ಲಿ ಅಹಿಂಸೆ, ಮುಖದ ಮೇಲೆ ಮೀನು

ದಶಲಕ್ಷಣ ಪರ್ವದ ದಿನಗಳಲ್ಲಿ ಹೈದರಾಬಾದಿನ ಜೈನ ಮನೆಗಳ ಅಡುಗೆಕೋಣೆಗೆ ಬಟಾಟೆ, ಗಜ್ಜರಿ, ಈರುಳ್ಳಿ, ಬೆಳ್ಳುಳ್ಳಿ ಪ್ರವೇಶಿಸುವುದಿಲ್ಲ. ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಯುತ್ತದೆ, ನೀರು ಬಟ್ಟೆಯಲ್ಲಿ ಸೋಸಿದ ಮೇಲೆಯೇ ಗಂಟಲಿಗಿಳಿಯುತ್ತದೆ. ಆದರೆ ಅದೇ ಮನೆಗಳ ಸ್ನಾನಗೃಹದ ಕಪಾಟನ್ನು ತೆರೆದು ನೋಡುವ ಧೈರ್ಯ ನಮ್ಮ ಸಂಘಗಳಿಗೆ ಇದುವರೆಗೆ ಬಂದಿಲ್ಲ. ‘ಮೆರೈನ್ ಕೊಲಾಜೆನ್’ ಎಂದು ಹೊಂಬಣ್ಣದಲ್ಲಿ ಮುದ್ರಿಸಿದ ಕ್ರೀಮು, ‘ಪರ್ಲ್’ ಫೇಶಿಯಲ್ಲಿನ ಡಬ್ಬಿ, ಸ್ಕ್ವಾಲೇನ್ ಸೀರಮ್ಮು, ಬೆಳ್ಳಿಯಂತೆ ಮಿರುಗುವ ಉಗುರುಬಣ್ಣ ಅಲ್ಲಿ ಸಾಲಾಗಿ ನಿಂತಿವೆ. ಬಾಯಿಗೆ ಹಾಕದ ಜೀವವನ್ನು ನಾವು ಮುಖಕ್ಕೆ ಬಳಿದುಕೊಳ್ಳುತ್ತಿದ್ದೇವೆ.

‘ಸಹಜ’, ‘ಸಾಗರದ ಕೊಡುಗೆ’ ಎಂಬ ಮಾತುಗಳೇ ಈ ವ್ಯಾಪಾರದ ಬಂಡವಾಳ. ರಾಸಾಯನಿಕವಲ್ಲ, ನಿಸರ್ಗದ್ದು ಎಂದೊಡನೆ ಶ್ರಾವಕನ ಮನಸ್ಸು ನಿರಾಳವಾಗುತ್ತದೆ. ಆದರೆ ಕಸಾಯಿಖಾನೆಯ ಕೊಬ್ಬೂ ನಿಸರ್ಗದ್ದೇ. ಮೆರೈನ್ ಕೊಲಾಜೆನ್ ಎಂದರೆ ಮೀನಿನ ಚರ್ಮ, ಮೂಳೆ, ಹುರುಪೆಗಳನ್ನು ಆಮ್ಲದಲ್ಲಿಯೋ ಕಿಣ್ವಗಳಿಂದಲೋ ಕರಗಿಸಿ ತೆಗೆದ ಪ್ರೋಟೀನು. ಮಿರುಗುವ ಬಣ್ಣಗಳಿಗೆ ಬಳಸುವ ‘ಪರ್ಲ್ ಎಸೆನ್ಸ್’ ಹೆಸರಿನಲ್ಲಿ ಮಾತ್ರ ಮುತ್ತು, ವಸ್ತುತಃ ಅದು ಮೀನಿನ ಹುರುಪೆಯಿಂದ ಬರುವ ಗ್ವಾನೀನ್ ಹರಳು. ಕೈಟೋಸಾನ್ ಬಹುಪಾಲು ಸೀಗಡಿ, ಏಡಿಗಳ ಕವಚದಿಂದ ಬರುತ್ತದೆ. ಇನ್ನು ಸ್ಕ್ವಾಲೀನ್. ಜಪಾನಿನ ರಸಾಯನಶಾಸ್ತ್ರಜ್ಞ ಮಿತ್ಸುಮಾರು ತ್ಸುಜಿಮೊಟೊ ಕಳೆದ ಶತಮಾನದ ಆರಂಭದಲ್ಲಿ ಶಾರ್ಕ್ ಮೀನಿನ ಯಕೃತ್ತಿನ ಎಣ್ಣೆಯಲ್ಲಿ ಇದನ್ನು ಗುರುತಿಸಿದನು, ಹೆಸರು ಕೂಡ ಸ್ಕ್ವಾಲಸ್ ಎಂಬ ಶಾರ್ಕ್ ಕುಲದಿಂದಲೇ ಬಂದಿತು. ಆಳಸಮುದ್ರದ ಶಾರ್ಕ್‌ಗಳಿಗೆ ಗಾಳಿಚೀಲವಿಲ್ಲ, ಎಣ್ಣೆ ತುಂಬಿದ ಯಕೃತ್ತೇ ಅವುಗಳನ್ನು ನೀರಿನಲ್ಲಿ ತೇಲಿಸುತ್ತದೆ. ಆ ಎಣ್ಣೆಗಾಗಿಯೇ ಅವುಗಳನ್ನು ಬೇಟೆಯಾಡುತ್ತಾರೆ. ನಿಧಾನವಾಗಿ ಬೆಳೆದು, ತಡವಾಗಿ ಪ್ರಾಯಕ್ಕೆ ಬಂದು, ಕೆಲವೇ ಮರಿಗಳನ್ನು ಹಾಕುವ ಈ ಪ್ರಾಣಿಗಳ ಸಂತತಿ ಒಮ್ಮೆ ಕುಸಿದರೆ ಮತ್ತೆ ಏಳುವುದು ಕಷ್ಟ.

ಸಮುದ್ರದಿಂದ ಇಷ್ಟು ದೂರದ ಹೈದರಾಬಾದನ್ನು ಈ ಚರ್ಚೆಗೆ ಎಳೆಯುವುದಕ್ಕೆ ಕಾರಣವಿದೆ. ಇದು ಮುತ್ತಿನ ನಗರ. ಬಸ್ರಾದ ಮುತ್ತು ನಿಜಾಮರ ಕಾಲದಲ್ಲಿ ಇಲ್ಲಿಗೆ ಬಂದಿತು, ಇಂದು ಚಾರ್ಮಿನಾರಿನ ಸುತ್ತಲ ಪತ್ಥರ್‌ಗಟ್ಟಿಯ ಅಂಗಡಿಗಳಲ್ಲಿ ಸಿಗುವುದರಲ್ಲಿ ಬಹುಪಾಲು ಚೀನದ ಸಿಹಿನೀರಿನ ಮುತ್ತು. ಈ ವ್ಯಾಪಾರದಲ್ಲಿ ಜೈನ ಮನೆತನಗಳೂ ಇವೆ. ಹಾರಕ್ಕೆ ಯೋಗ್ಯವಲ್ಲದ ಮುತ್ತು ಪುಡಿಯಾಗಿ ಪಿಷ್ಟಿಗೂ ಮುಖಲೇಪಕ್ಕೂ ಹೋಗುತ್ತದೆ. ಕೃಷಿಮುತ್ತಿನ ವಿಧಾನವನ್ನು ತಿಳಿದವರು ಅದನ್ನು ‘ಶುದ್ಧ’ ಎನ್ನಲಾರರು. ಒಂದು ಸಿಂಪನ್ನು ಕೊಯ್ದು ಅದರ ಅಂಗಾಂಶದ ತುಣುಕುಗಳನ್ನು ಮತ್ತೊಂದರ ಒಡಲಲ್ಲಿ ಸೇರಿಸುತ್ತಾರೆ. ಕೊಯ್ದದ್ದು ಅಂದೇ ಸಾಯುತ್ತದೆ, ಸೇರಿಸಿಕೊಂಡದ್ದು ಕೆಲವು ವರ್ಷಗಳ ಬಳಿಕ ಮುತ್ತನ್ನು ಹೊರತೆಗೆಯುವಾಗ ಬಹುಮಟ್ಟಿಗೆ ಸಾಯುತ್ತದೆ. ನಮ್ಮ ಶಾಸ್ತ್ರಗಳು ಶಂಖ, ಸಿಂಪುಗಳನ್ನು ಸ್ಪಷ್ಟವಾಗಿ ದ್ವೀಂದ್ರಿಯ ಜೀವಗಳೆಂದು ಎಣಿಸಿವೆ. ಮೀನಂತೂ ಪಂಚೇಂದ್ರಿಯ. (‘ಪರ್ಲ್’ ಎಂದು ಬರೆದ ಎಷ್ಟೋ ಡಬ್ಬಿಗಳಲ್ಲಿ ಮುತ್ತಿಗೆ ಬದಲಾಗಿ ಅಭ್ರಕದ ಪುಡಿ ಇರುವುದೂ ಉಂಟು. ಅಂಗಡಿಯವನಿಂದ ಮೋಸಹೋದ ಗ್ರಾಹಕನೇ ಇಲ್ಲಿ ವ್ರತವನ್ನು ಉಳಿಸಿಕೊಂಡವನು!)

ಇದಕ್ಕೆ ಸಿದ್ಧವಾಗಿರುವ ಉತ್ತರವೊಂದಿದೆ: ‘ಮೀನನ್ನು ತಿನ್ನುವವರು ಹೇಗೂ ಕೊಲ್ಲುತ್ತಾರೆ, ಹುರುಪೆ ಕಸಕ್ಕೆ ಹೋಗುವಂಥದ್ದು, ಅದನ್ನು ಬಳಸಿದರೆ ನಮಗೇನು ಪಾಪ?’ ಈ ವಾದವನ್ನು ಒಪ್ಪಿದರೆ ಚರ್ಮದ ಚಪ್ಪಲಿಗೂ ಜೆಲಾಟಿನ್‌ಗೂ ಆಕ್ಷೇಪಿಸಲು ನಮಗೆ ಬಾಯಿ ಉಳಿಯುವುದಿಲ್ಲ. ಕೃತ, ಕಾರಿತ, ಅನುಮೋದಿತ ಎಂದು ಮೂರು ಬಗೆಯಲ್ಲಿ ಹಿಂಸೆಯನ್ನು ಅಳೆದ ಧರ್ಮ ನಮ್ಮದು. ಕಸಕ್ಕೆ ಬೆಲೆ ಬಂದ ದಿನ ಅದು ಕಸವಲ್ಲ, ಮೀನುಗಾರಿಕೆಯ ಇನ್ನೊಂದು ಆದಾಯ. ಆ ಬೆಲೆ ತೆತ್ತವನು ಅನುಮೋದಿಸಿದವನೇ. ಪ್ರಾಣಿಗಳ ದಂತ, ನಖ, ಚರ್ಮಗಳ ವ್ಯಾಪಾರವನ್ನು ‘ದಂತವಾಣಿಜ್ಯ’ವೆಂದು ಹೆಸರಿಸಿ ಶ್ರಾವಕನಿಗೆ ನಿಷೇಧಿಸಿದ ಆಚಾರ್ಯರಿಗೆ ಈ ‘ಕಸದ ವಾದ’ ಗೊತ್ತಿರಲಿಲ್ಲವೆ? ಶಾರ್ಕಿನ ವಿಷಯದಲ್ಲಂತೂ ಈ ವಾದಕ್ಕೆ ಕಾಲೇ ಇಲ್ಲ, ಯಕೃತ್ತಿಗಾಗಿಯೇ ಬೇಟೆ ನಡೆಯುವಾಗ ಉಳಿದ ದೇಹವೇ ಕಸ.

ಕಡಲಪಾಚಿಯ ಮಾತು ಬೇರೆ. ಅಗರ್, ಕ್ಯಾರಗೀನನ್, ಆಲ್ಜಿನೇಟ್‌ಗಳು ಸಸ್ಯಮೂಲದವೆಂದು ನಮ್ಮವರು ನೆಮ್ಮದಿಯಿಂದ ಕೊಳ್ಳುತ್ತಾರೆ. ಪಾಚಿಯನ್ನು ಅನಂತಕಾಯವೆಂದು ತಿಳಿದು ಗಡ್ಡೆ ಬಿಟ್ಟವರು ಪಾಚಿಯ ಲೇಪವನ್ನು ಹಚ್ಚಿಕೊಳ್ಳುವುದು ಅಸಂಗತವೇ. ಆದರೂ ಇದನ್ನು ಅವರವರ ತ್ಯಾಗದ ಪ್ರಮಾಣಕ್ಕೆ ಬಿಡುವುದು ಮೇಲು. ಗೃಹಸ್ಥನ ಅಣುವ್ರತ ಮೊದಲು ಕಾಯಬೇಕಾದುದು ತ್ರಸಜೀವಗಳನ್ನು. ಸ್ಥಾವರದ ಸೂಕ್ಷ್ಮ ಚರ್ಚೆಯಲ್ಲಿ ಮುಳುಗಿ ಮೀನನ್ನು ಮರೆಯುವ ಜಾಣತನ ಬೇಡ.

ಔಷಧವನ್ನೂ ಇದರೊಡನೆ ಬೆರೆಸಬಾರದು. ಹೈದರಾಬಾದಿನದೇ ಭಾರತೀಯ ರಾಸಾಯನಿಕ ತಂತ್ರಜ್ಞಾನ ಸಂಸ್ಥೆಯ ವಿಜ್ಞಾನಿಗಳು ಸ್ಪಂಜು, ಮೃದುಹವಳಗಳಲ್ಲಿನ ಸಂಯುಕ್ತಗಳನ್ನು ದಶಕಗಳಿಂದ ಅಧ್ಯಯನ ಮಾಡಿದ್ದಾರೆ. ರೋಗಿಯ ಪ್ರಾಣದ ಪ್ರಶ್ನೆ ಬಂದಾಗ ವಿವೇಕ ಬೇರೆ ರೀತಿಯಲ್ಲಿ ತೂಗುತ್ತದೆ. ಸುಕ್ಕನ್ನು ಅಡಗಿಸುವ ಪ್ರಶ್ನೆಗೆ ಆ ತಕ್ಕಡಿ ಸಲ್ಲದು. ಸುಕ್ಕು ಅಡಗುತ್ತದೆಯೆ ಎಂಬುದೂ ಸಂದೇಹವೇ. ಕೊಲಾಜೆನ್ ಬಹು ದೊಡ್ಡ ಅಣು, ಚರ್ಮದ ಹೊರಪದರವನ್ನು ಸುಲಭವಾಗಿ ದಾಟುವುದು ಸುಮಾರು 500 ಡಾಲ್ಟನ್‌ಗಿಂತ ಚಿಕ್ಕ ಅಣುಗಳು ಮಾತ್ರ. ಹಚ್ಚಿದ ಕೊಲಾಜೆನ್ ಮೇಲೆಯೇ ಕುಳಿತು ತೇವವನ್ನು ಹಿಡಿದಿಡುತ್ತದೆ. ಅಷ್ಟನ್ನು ಎಳ್ಳೆಣ್ಣೆಯೂ ಮಾಡುತ್ತದೆ.

ಕಾನೂನು ನಮ್ಮನ್ನು ಕಾಯುತ್ತದೆ ಎಂಬ ಭ್ರಮೆಯೂ ಬೇಡ. ಸೌಂದರ್ಯವರ್ಧಕಗಳ ಮೇಲೆ ಸಸ್ಯಾಹಾರ, ಮಾಂಸಾಹಾರದ ಗುರುತು ಇರಬೇಕೆಂದು ದೆಹಲಿ ಹೈಕೋರ್ಟು 2002ರಲ್ಲಿ ಆದೇಶಿಸಿತು. ಸಾಬೂನು ತಯಾರಕರ ಸಂಘ ಮೇಲ್ಮನವಿ ಹೋಯಿತು, 2013ರಲ್ಲಿ ಸುಪ್ರೀಂ ಕೋರ್ಟು ಆ ಆದೇಶವನ್ನು ರದ್ದುಪಡಿಸಿತು. 2014ರಲ್ಲಿ ಕಾನೂನು ಮಾಪನ ನಿಯಮಗಳ ಮೂಲಕ ಕೇಂದ್ರ ಸರ್ಕಾರ ಸಾಬೂನು, ಶಾಂಪೂ, ದಂತಮಂಜನಗಳಿಗೂ ಹಸಿರು ಮತ್ತು ಕೆಂಪು-ಕಂದು ಚುಕ್ಕೆಗಳನ್ನು ವಿಧಿಸಿತು. ಅಂಗಡಿಯ ಸಾಲಿನಲ್ಲಿ ನಿಂತು ನೋಡಿರಿ: ಕೆಲವು ಡಬ್ಬಿಗಳಲ್ಲಿ ಚುಕ್ಕೆಯಿದೆ, ಕೆಲವುಗಳಲ್ಲಿ ಇಲ್ಲ. ಕಬ್ಬಿನಿಂದ ಮಾಡಿದ ಸ್ಕ್ವಾಲೇನ್, ಆಲಿವ್‌ನದು, ಶಾರ್ಕಿನದು, ಮೂರೂ ಅಣುರಚನೆಯಲ್ಲಿ ಒಂದೇ. ಘಟಕಗಳ ಪಟ್ಟಿಯಲ್ಲಿಯೂ ಒಂದೇ ಹೆಸರು. ಯೂನಿಲಿವರ್, ಲೋರಿಯಲ್ ಕಂಪನಿಗಳು 2008ರಲ್ಲಿ ಶಾರ್ಕ್ ಮೂಲವನ್ನು ಬಿಡುವುದಾಗಿ ಘೋಷಿಸಿದ್ದು ಸಮುದ್ರಜೀವಿ ಸಂರಕ್ಷಕರ ಒತ್ತಡದಿಂದ. ಅಹಿಂಸೆಯನ್ನು ಪರಮಧರ್ಮವೆನ್ನುವ ನಾವು ಅಂಥ ಒತ್ತಡವನ್ನು ಯಾವ ಕಂಪನಿಯ ಮೇಲೆ, ಎಂದು ತಂದೆವು?

ಒತ್ತಡ ತರುವುದು ನಮಗೆ ಗೊತ್ತಿಲ್ಲವೆಂದಲ್ಲ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳಿಗೆ ಮೊಟ್ಟೆ ಕೊಡುವ ಯೋಜನೆ ಆರಂಭವಾದಾಗ ವಿರೋಧಿಸಿದ ದನಿಗಳಲ್ಲಿ ಜೈನರ ದನಿಯೂ ಇತ್ತು. ಪೌಷ್ಟಿಕತೆಯ ಕೊರತೆಯಿಂದ ಬಳಲುವ ಆ ಮಕ್ಕಳು ಜೈನರಲ್ಲ, ಅವರ ತಟ್ಟೆ ನಮ್ಮದಲ್ಲ. ಬಡವರ ಮಗುವಿನ ಮೊಟ್ಟೆಯಲ್ಲಿ ಹಿಂಸೆಯನ್ನು ಕಂಡ ಕಣ್ಣಿಗೆ ಸ್ವಂತ ಕಪಾಟಿನ ಮೀನು ಕಾಣದಿರುವುದು ದೃಷ್ಟಿದೋಷವಲ್ಲ, ಸೌಲಭ್ಯದ ಕುರುಡು. ಪರರ ತಟ್ಟೆಯನ್ನು ಕಾಯುವ ರಾಜಕೀಯ ಅಗ್ಗ, ಅದಕ್ಕೆ ನಮ್ಮ ಕೈಯಿಂದ ಏನೂ ಬಿಡಬೇಕಾಗಿಲ್ಲ. ಪ್ರವಚನಕಾರರಾದರೂ ಶೃಂಗಾರದ ಮಾತು ಬಂದರೆ ಸ್ತ್ರೀಯರ ಕಡೆಗಷ್ಟೇ ಬೆರಳು ತೋರುತ್ತಾರೆ. ಪುರುಷರ ಕ್ರೀಮು, ಸೀರಮ್ಮುಗಳನ್ನು ಯಾರೂ ಕೇಳುವುದಿಲ್ಲ.

ಹೈದರಾಬಾದಿನಲ್ಲಿರಲಿ, ಮುಂಬಯಿಯಲ್ಲಿರಲಿ, ಕಡಲಾಚೆಯಲ್ಲಿರಲಿ, ಹೊರನಾಡಿನ ಬಂಧುಗಳು ಮುಂದಿನ ದಶಲಕ್ಷಣಕ್ಕೆ ಮೊದಲು ಮಾಡಬಹುದಾದ ಕೆಲಸವಿದೆ. ಮನೆಯಲ್ಲಿರುವ ಪ್ರತಿ ಡಬ್ಬಿಯ ಕಂಪನಿಗೆ ಕೊಲಾಜೆನ್, ಸ್ಕ್ವಾಲೇನ್, ಗ್ವಾನೀನ್, ಕೈಟೋಸಾನ್‌ಗಳ ಮೂಲವನ್ನು ಲಿಖಿತವಾಗಿ ಕೇಳಿರಿ. ಉತ್ತರ ಕೊಡದವರ ಸರಕನ್ನು ಕೊಳ್ಳಬೇಡಿರಿ. ಬಂದ ಉತ್ತರಗಳನ್ನು ಬಸದಿಯ ಸೂಚನಾಫಲಕದಲ್ಲಿ ಕಂಪನಿಯ ಹೆಸರಿನೊಡನೆ ಅಂಟಿಸಿರಿ. ಬಸದಿಯ ದಾನಿಗಳಲ್ಲಿ ಮುತ್ತಿನ ವ್ಯಾಪಾರಿಗಳಿದ್ದರೆ ಆ ಹಾಳೆಯನ್ನು ಕಿತ್ತುಹಾಕುವಂತೆ ಒತ್ತಾಯ ಬಂದೀತು. ಆಗ ಟ್ರಸ್ಟಿನ ಸಭೆಯಲ್ಲಿ ಅದನ್ನು ಚರ್ಚೆಗೆ ಇಡಬೇಕು, ಯಾರು ಏನೆಂದರೆಂಬುದನ್ನು ನಡಾವಳಿಯಲ್ಲಿ ಬರೆಸಬೇಕು.