ಅಂಗೈಯಗಲದ ರಬ್ಬರಿನ ಲೆಕ್ಕ

2023ರ ಜುಲೈ ತಿಂಗಳ ಒಂದು ಬೆಳಿಗ್ಗೆ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ನಾನೂ ನನ್ನ ಪತ್ನಿಯೂ ಮೋಟಾರ್‌ಸೈಕಲ್ಲಿನಲ್ಲಿ ಚಾರ್ಮಾಡಿ ಘಾಟಿ ಇಳಿಯುತ್ತಿದ್ದೆವು. ಮಳೆ ಜೋರಾಗಿರಲಿಲ್ಲ, ಮಲೆನಾಡಿನವರು ಲೆಕ್ಕಕ್ಕೇ ತೆಗೆದುಕೊಳ್ಳದ ಜಿಟಿಜಿಟಿ. ವೇಗ ಗಂಟೆಗೆ 25 ಕಿಲೋಮೀಟರ್ ದಾಟಿರಲಾರದು. ಒಂದು ಹಿಮ್ಮುರಿ ತಿರುವಿನಲ್ಲಿ ಬೈಕನ್ನು ಇನ್ನೇನು ಬಾಗಿಸಬೇಕು ಎನ್ನುವಷ್ಟರಲ್ಲಿ, ಪಾಚಿಗಟ್ಟಿದ ಬಚ್ಚಲುಕಲ್ಲಿನ ಮೇಲೆ ಕಾಲಿಟ್ಟಂತೆ ಹಿಂದಿನ ಚಕ್ರ ಜಾರಿತು. ನನಗಾದದ್ದು ಮೊಣಕಾಲಿನ ತರಚುಗಾಯ ಮಾತ್ರ. ಪತ್ನಿಯ ಬಲಗೈ ಮಣಿಕಟ್ಟಿನ ಮೂಳೆ ಮುರಿಯಿತು. ಹಿಂದೆ ಬರುತ್ತಿದ್ದ ಲಾರಿಯ ಚಾಲಕ ಹತ್ತು ಅಡಿ ದೂರದಲ್ಲಿ ಬ್ರೇಕ್ ಹಾಕಿ ನಿಲ್ಲಿಸಿದ್ದರಿಂದ ಈ ಲೇಖನ ಬರೆಯಲು ನಾನು ಉಳಿದಿದ್ದೇನೆ.

ಬೈಕನ್ನು ಎತ್ತಿ ನಿಲ್ಲಿಸಲು ನೆರವಾದ ಆ ಚಾಲಕ ಹಿಂದಿನ ಟೈರಿನ ಮೇಲೆ ಕೈಯಾಡಿಸಿ, 'ಸಾರ್, ಇದು ಬೋಳು ಟೈರು. ಬೆಂಗಳೂರಿನಿಂದ ಇದರಲ್ಲೇ ಬಂದ್ರಾ?' ಎಂದು ಕೇಳಿದ. ಆ ಸ್ಥಿತಿಯಲ್ಲೂ ನನಗೆ ಸಿಟ್ಟು ಬಂತು. ಏಕೆಂದರೆ ಹೊರಡುವ ಹಿಂದಿನ ದಿನ ನಾನೇ ಅಳತೆಗೋಲು ಇಟ್ಟು ನೋಡಿದ್ದೆ. ಟೈರಿನ ನಡುಭಾಗದ ತೋಡಿನಲ್ಲಿ ಒಂದು ಮಿಲಿಮೀಟರ್ ಆಳ ಉಳಿದಿತ್ತು. ಕೇಂದ್ರ ಮೋಟಾರು ವಾಹನ ನಿಯಮಗಳ 94ನೆಯ ನಿಯಮ ದ್ವಿಚಕ್ರ ವಾಹನಕ್ಕೆ ಕೇಳುವುದು 0.8 ಮಿಲಿಮೀಟರ್. ಅಂದರೆ ಕಾನೂನಿನ ಕಣ್ಣಿನಲ್ಲಿ ನನ್ನ ಟೈರು ನಿರ್ದೋಷಿಯಾಗಿತ್ತು. ಮೂರು ದಶಕಗಳಿಗೂ ಹೆಚ್ಚು ಕಾಲ ಕಡತಗಳಲ್ಲಿ ನಿಯಮದ ಸಂಖ್ಯೆಗಳನ್ನು ನಮೂದಿಸಿಯೇ ಬದುಕಿದವನಿಗೆ ಇಷ್ಟು ಸಮರ್ಥನೆ ಸಾಕಾಗಿತ್ತು.

ಅರವತ್ತು ದಾಟಿದ ಪಿಂಚಣಿದಾರನಿಗೆ ಬೈಕಿನ ಹುಚ್ಚೇಕೆ ಎಂದು ಓದುಗರು ಕೇಳಬಹುದು. ನನ್ನ ಮಕ್ಕಳೂ ಕೇಳಿದ್ದಾರೆ. ನಿವೃತ್ತಿಯ ಹಣದಲ್ಲಿ ಕೊಂಡ 650 ಸಿ.ಸಿ.ಯ ವಾಹನವದು, ತಿಳಿದವರು ಅದನ್ನು ಸ್ಪೋರ್ಟ್ ಟೂರಿಂಗ್ ವರ್ಗಕ್ಕೆ ಸೇರಿಸುತ್ತಾರೆ. ರೇಸಿನ ಬೈಕಿನಂತೆ ತಿರುವಿನಲ್ಲಿ ಬಾಗಬೇಕು. ಇಬ್ಬರನ್ನೂ ಎರಡು ಪೆಟ್ಟಿಗೆ ಸಾಮಾನನ್ನೂ ಹೊತ್ತು ದಿನಕ್ಕೆ ನಾನೂರೈನೂರು ಕಿಲೋಮೀಟರ್ ದಣಿಯದೆ ಓಡಲೂಬೇಕು. ಈ ಎರಡು ಬೇಡಿಕೆಗಳ ನಡುವಿನ ಜಗಳ ಕೊನೆಗೆ ಬಂದು ಕೂರುವುದು ಟೈರಿನ ಮೇಲೆ. ರಸ್ತೆಯನ್ನು ಬಿಗಿಯಾಗಿ ಹಿಡಿಯಬೇಕಾದರೆ ರಬ್ಬರು ಮೃದುವಾಗಿರಬೇಕು. ಬಹುಕಾಲ ಬಾಳಬೇಕಾದರೆ ಗಡುಸಾಗಿರಬೇಕು. ಎರಡು ಕ್ವಿಂಟಲ್ ಮೀರಿದ ವಾಹನವೂ ಅದರ ಮೇಲಿನ ಜೀವಗಳೂ ರಸ್ತೆಯನ್ನು ಮುಟ್ಟುವುದು ಪ್ರತಿ ಚಕ್ರದಲ್ಲಿ ಹೆಚ್ಚುಕಡಿಮೆ ಒಂದು ಅಂಗೈಯಗಲದ ರಬ್ಬರಿನಿಂದ ಮಾತ್ರ.

ಅರ್ಥಶಾಸ್ತ್ರದ ಎಂ.ಎ. ಪದವೀಧರನಾದ ನಾನು ಆ ಟೈರನ್ನು ಏಕೆ ಬದಲಿಸಲಿಲ್ಲ? ಲೆಕ್ಕ ಸರಳವಾಗಿತ್ತು. ಹಿಂದಿನ ಟೈರಿಗೆ 2021ರಲ್ಲಿ ಕೊಟ್ಟದ್ದು 15,000 ರೂಪಾಯಿ. ಅದು ಹತ್ತು ಸಾವಿರ ಕಿಲೋಮೀಟರ್ ಓಡಿತ್ತು. ಎಂದರೆ ಕಿಲೋಮೀಟರಿಗೆ ಒಂದೂವರೆ ರೂಪಾಯಿ. ಇನ್ನೆರಡು ಸಾವಿರ ಓಡಿಸಿದರೆ ಅದು ಒಂದೂಕಾಲು ರೂಪಾಯಿಗೆ ಇಳಿಯುತ್ತದೆ. ಮಧ್ಯಮ ವರ್ಗದ ಮನಸ್ಸಿಗೆ ಇದಕ್ಕಿಂತ ಹಿತವಾದ ಗಣಿತವಿಲ್ಲ. ಹಲ್ಲುಜ್ಜುವ ಪೇಸ್ಟಿನ ಟ್ಯೂಬನ್ನು ಕತ್ತರಿಸಿ ಕೊನೆಯ ಚೂರನ್ನೂ ತೆಗೆಯುವ ಮನೆಯಲ್ಲಿ ಬೆಳೆದವನು ನಾನು. ಆ ಸಂಸ್ಕಾರದ ಬಗ್ಗೆ ನನಗೆ ನಾಚಿಕೆಯೂ ಇಲ್ಲ. ಆದರೆ ತರಗತಿಯಲ್ಲಿ ಕಲಿತದ್ದನ್ನು ಇಲ್ಲಿ ಮರೆತಿದ್ದೆ. ಕೊಟ್ಟ 15,000 ಆಗಲೇ ಮುಳುಗಿದ ವೆಚ್ಚ. ಸರಾಸರಿಯನ್ನು ಇಳಿಸಿ ಅದನ್ನು ಮರಳಿ ಪಡೆಯಲಾಗದು. ನೋಡಬೇಕಾದದ್ದು ಮುಂದಿನ ಎರಡು ಸಾವಿರ ಕಿಲೋಮೀಟರುಗಳ ಸೀಮಾಂತ ಲಾಭ ಮತ್ತು ಸೀಮಾಂತ ವೆಚ್ಚವನ್ನು. ಲಾಭ, ಹೆಚ್ಚೆಂದರೆ ಮೂರು ಸಾವಿರ ರೂಪಾಯಿ. ವೆಚ್ಚದ ಕಡೆಯಲ್ಲಿ ಏನಿತ್ತೆಂಬುದು ಮಣಿಕಟ್ಟಿಗೆ ಲೋಹದ ಪಟ್ಟಿ ಕೂರಿಸಿದ ಆಸ್ಪತ್ರೆಯ ಬಿಲ್ಲು ಬಂದ ಮೇಲೆ ತಿಳಿಯಿತು. ಕಿಲೋಮೀಟರಿಗೆ ನಾಲ್ಕು ರೂಪಾಯಿಯ ಪೆಟ್ರೋಲನ್ನು ಚಕಾರವೆತ್ತದೆ ಸುಡುವವರು ನಾವು. ಟೈರಿನ ಒಂದೂವರೆ ರೂಪಾಯಿಗೆ ಮಾತ್ರ ಚೌಕಾಸಿ!

ಬೈಕನ್ನು ಬೆಂಗಳೂರಿಗೆ ಸಾಗಿಸಿ ತಂದ ಮೇಲೆ ಹಳೆಯ ಮೆಕ್ಯಾನಿಕ್ ಒಬ್ಬರ ಬಳಿಗೆ ಒಯ್ದೆ. ಅವರು ಟೈರನ್ನು ಕಳಚಿ ನಿಲ್ಲಿಸಿ, ಹಿಂದಿನಿಂದ ನೋಡುವಂತೆ ಹೇಳಿದರು. ದುಂಡಗಿರಬೇಕಾದ ಅದರ ಬೆನ್ನು ನಡುವಿನಲ್ಲಿ ಮಣೆಯಂತೆ ಚಪ್ಪಟೆಯಾಗಿತ್ತು. ನಾಲ್ಕು ಪಥಗಳ ಹೆದ್ದಾರಿಯಲ್ಲಿ ಗಂಟೆಗಟ್ಟಲೆ ನೆಟ್ಟಗೆ ಓಡಿಸುವವರ ಟೈರು ಸವೆಯುವುದೇ ಹೀಗೆ. ನಡುಭಾಗ ತೇಯ್ದುಹೋಗುತ್ತದೆ, ಎರಡೂ ಪಕ್ಕಗಳು ಹೊಸದರಂತೆ ಉಳಿಯುತ್ತವೆ, ಅವುಗಳ ನಡುವೆ ಒಂದು ಅಂಚು ಏಳುತ್ತದೆ. ನೇರ ರಸ್ತೆಯಲ್ಲಿ ಇದು ಗೊತ್ತಾಗುವುದೇ ಇಲ್ಲ. ಘಾಟಿಯಲ್ಲಿ ಬೈಕನ್ನು ಬಾಗಿಸಿದಾಗ ಟೈರು ಚೆಂಡಿನಂತೆ ಉರುಳುವ ಬದಲು ಆ ಅಂಚನ್ನು ಏರಿ ಧೊಪ್ಪನೆ ಆಚೆ ಬೀಳುತ್ತದೆ. ಆ ಕ್ಷಣದಲ್ಲಿ ರಸ್ತೆಯನ್ನು ಹಿಡಿದಿರುವುದು ಅಂಗೈಯಗಲವಲ್ಲ, ಬೆರಳಗಲ. ಅಳತೆಗೋಲು ಆಳವನ್ನು ಹೇಳುತ್ತದೆ, ಆಕಾರವನ್ನು ಹೇಳುವುದಿಲ್ಲ.

ಮೆಕ್ಯಾನಿಕ್ ತೋರಿಸಿದ ಎರಡನೆಯ ಸಂಗತಿ ಇನ್ನೂ ಕಹಿಯಾದದ್ದು. ಟೈರಿನ ಪಕ್ಕೆಯ ಮೇಲೆ ಸಣ್ಣ ಅಂಡಾಕಾರದ ಚೌಕಟ್ಟಿನಲ್ಲಿ ನಾಲ್ಕು ಅಂಕಿಗಳಿರುತ್ತವೆ. ಮೊದಲೆರಡು ಅದು ತಯಾರಾದ ವಾರ, ಕೊನೆಯೆರಡು ವರ್ಷ. ನನ್ನ ಟೈರಿನಲ್ಲಿ ಇದ್ದದ್ದು 2317. ಎಂದರೆ 2017ರ 23ನೆಯ ವಾರ. 2021ರಲ್ಲಿ ನಗರದ ಒಂದು ಅಂಗಡಿಯವರು 'ಫ್ರೆಶ್ ಸ್ಟಾಕ್' ಎಂದು ಹೇಳಿ ನನಗೆ ಮಾರಿದ್ದು ಆಗಲೇ ನಾಲ್ಕು ವರ್ಷ ಗೋದಾಮಿನಲ್ಲಿ ಕಳೆದ ಸರಕನ್ನು! ಬಿಸಿಲು, ಗಾಳಿ, ಕಾಲ ಇವು ರಬ್ಬರನ್ನು ಗಡುಸಾಗಿಸುತ್ತವೆ. ಓಡಿಸದೆ ಇಟ್ಟರೂ ಟೈರಿಗೆ ವಯಸ್ಸಾಗುತ್ತದೆ. ಜಾರಿದ ದಿನ ಅದಕ್ಕೆ ಆರು ವರ್ಷ ತುಂಬಿತ್ತು. ಉಗುರಿನಿಂದ ಒತ್ತಿದರೆ ಗುರುತು ಬೀಳುತ್ತಿರಲಿಲ್ಲ.

ಅಂಗಡಿಯವರನ್ನು ಕೇಳಿದೆ. 'ಬಿಲ್ಲಿನಲ್ಲಿ ತಾರೀಖು ಬರೆದುಕೊಡುತ್ತೇವೆಂದು ಹೇಳಿದ್ದೆವೇ?' ಎಂಬ ಮರುಪ್ರಶ್ನೆ ಬಂತು. ಹೇಳಿರಲಿಲ್ಲ, ನಿಜ. ಮಾರುವವನಿಗೆ ಗೊತ್ತಿದ್ದು ಕೊಳ್ಳುವವನಿಗೆ ಗೊತ್ತಿಲ್ಲದಿದ್ದರೆ ಮಾರುಕಟ್ಟೆ ಹೇಗೆ ಕೆಡುತ್ತದೆಂಬುದನ್ನು ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಉದಾಹರಣೆಯಿಂದ ವಿವರಿಸಿದರು. 2001ರ ನೊಬೆಲ್ ಪುರಸ್ಕಾರದಲ್ಲಿ ಅವರೂ ಪಾಲು ಪಡೆದರು. ಆ ಪ್ರಬಂಧವನ್ನು ನಾನು ವಿದ್ಯಾರ್ಥಿಯಾಗಿ ಓದಿದ್ದೆ. ಆದರೆ ಟೈರಿನ ಪಕ್ಕೆಯನ್ನು ಓದಿರಲಿಲ್ಲ.

ಈಗ ಓದಲು ಕಲಿತಿದ್ದೇನೆ. ನನ್ನ ಹಿಂದಿನ ಚಕ್ರಕ್ಕೆ ತಯಾರಕರು ಹೇಳಿದ ಅಳತೆ 160/60 ಝಡ್‌ಆರ್ 17. ಅದರ ಮುಂದೆ 69 ಡಬ್ಲ್ಯು. ಅಗಲ 160 ಮಿಲಿಮೀಟರ್, ಎತ್ತರ ಆ ಅಗಲದ ಶೇ 60, ಆರ್ ಎಂದರೆ ರೇಡಿಯಲ್ ರಚನೆ, ರಿಮ್ಮಿನ ವ್ಯಾಸ 17 ಇಂಚು. 69 ಎಂಬುದು ಭಾರದ ಸಂಕೇತ, 325 ಕಿಲೋ. ಡಬ್ಲ್ಯು ಎಂಬುದು ವೇಗದ ಮಿತಿ, ಗಂಟೆಗೆ 270 ಕಿ.ಮೀ.; ನನ್ನ ವಯಸ್ಸಿಗೆ ಅದರಿಂದ ಏನೂ ಪ್ರಯೋಜನವಿಲ್ಲ. ನೋಟಕ್ಕೆ ಗತ್ತು ಬರಲೆಂದು ಇದಕ್ಕಿಂತ ಅಗಲದ ಟೈರು ಹಾಕಿಸುವ ಶೋಕಿ ನಮ್ಮ ನಗರದ ಯುವಕರಲ್ಲಿದೆ. ಅಗಲದ ಟೈರನ್ನು ಕಿರಿದಾದ ರಿಮ್ಮಿಗೆ ತುರುಕಿದರೆ ಅದರ ಬೆನ್ನು ಗೂನಾಗಿ, ರಸ್ತೆಗೆ ತಾಗುವ ಆಕಾರವೇ ಕೆಡುತ್ತದೆ. ದುಡ್ಡು ಕೊಟ್ಟು ಹಿಡಿತ ಕಳೆದುಕೊಳ್ಳುವ ವಿಧಾನವಿದು.

ಆಯ್ಕೆಯ ವಿಷಯದಲ್ಲಿ ನನ್ನ ಅನುಭವ ಇಷ್ಟು. ರೇಸಿನ ಮೃದು ಟೈರು ನಮ್ಮಂಥ ಪ್ರವಾಸಿಗರಿಗೆ ಬೇಡ. ಅದಕ್ಕೆ ಬೇಕಾದಷ್ಟು ಬಿಸಿಯೇರುವಂತೆ ನಾವು ಓಡಿಸುವುದಿಲ್ಲ, ಕೆಲವೇ ಸಾವಿರ ಕಿಲೋಮೀಟರುಗಳಲ್ಲಿ ಅದು ಮುಗಿದೂ ಹೋಗುತ್ತದೆ. ಮೈಲೇಜೊಂದನ್ನೇ ನೋಡಿ ಅತಿ ಗಡುಸಾದದ್ದನ್ನು ಹಾಕಿಸಿದರೆ ಮಳೆಯಲ್ಲಿ ಪ್ರಾಣಕ್ಕೆ ಸಂಚಕಾರ. ಇವುಗಳ ನಡುವೆ, ಬೆನ್ನಿಗೆ ಗಡುಸು ರಬ್ಬರನ್ನೂ ಪಕ್ಕಗಳಿಗೆ ಮೃದು ರಬ್ಬರನ್ನೂ ಜೋಡಿಸಿದ, ಒದ್ದೆ ರಸ್ತೆಯ ಹಿಡಿತಕ್ಕಾಗಿ ಸಿಲಿಕಾ ಬೆರೆಸಿದ ಟೈರುಗಳಿವೆ. ಮಿಷೆಲಿನ್, ಪಿರೆಲ್ಲಿ, ಮೆಟ್ಜೆಲರ್, ಬ್ರಿಡ್ಜ್‌ಸ್ಟೋನ್ ಮೊದಲಾದವರು ಈ ಬಗೆಯದನ್ನು ಮಾಡುತ್ತಾರೆ. ನಮ್ಮ ಅಪೊಲೊ, ಎಂಆರ್‌ಎಫ್, ಟಿವಿಎಸ್ ಯೂರೋಗ್ರಿಪ್‌ನಂಥ ದೇಶೀಯ ಹೆಸರುಗಳೂ ಬೈಕಿನ ರೇಡಿಯಲ್ ಟೈರಿಗೆ ಇಳಿದಿವೆ. ಹಾಕಿಸಿದ ಮೊದಲ ನೂರು ಕಿಲೋಮೀಟರ್ ಹೊಸ ಟೈರೂ ಜಾರುತ್ತದೆಂಬ ಎಚ್ಚರ ಬೇಕು. ಗಾಳಿಯನ್ನು ಬೆಳಿಗ್ಗೆ ಟೈರು ತಣ್ಣಗಿರುವಾಗ ಕೈಪಿಡಿಯಲ್ಲಿ ಬರೆದಷ್ಟೇ ಹೊಡೆಸಬೇಕು. ಪೆಟ್ರೋಲ್ ಬಂಕಿನ ಹುಡುಗ ಎಲ್ಲ ಗಾಡಿಗಳಿಗೂ 'ಮೂವತ್ತು ಹಾಕ್ಲಾ ಸಾರ್?' ಎನ್ನುತ್ತಾನೆ, ಇಬ್ಬರು ಕುಳಿತ ಭಾರದ ಬೈಕಿಗೆ ಅದು ಸಾಲದು.

ಇದು ದುಬಾರಿ ಬೈಕಿನವರ ಗೋಳು ಎಂದು ಯಾರಾದರೂ ಪುಟ ಮಗುಚುವ ಮೊದಲು ಒಂದು ಮಾತು. ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ಶೇ 44.5ರಷ್ಟು ಜನ ದ್ವಿಚಕ್ರ ವಾಹನದಲ್ಲಿದ್ದವರು. ಎಲ್ಲಕ್ಕೂ ಟೈರೇ ಕಾರಣವೆಂದು ನಾನು ಹೇಳುತ್ತಿಲ್ಲ. ಆದರೆ ಹಾಲು ಹಾಕುವವನ ನೂರು ಸಿ.ಸಿ. ಬೈಕಿಗೂ ನನ್ನದಕ್ಕೂ 94ನೆಯ ನಿಯಮ ಒಂದೇ. ಅದೇ ನಿಯಮ ಕಾರು, ಬಸ್ಸು, ಲಾರಿಗಳಿಗೆ 1.6 ಮಿಲಿಮೀಟರ್ ಆಳವನ್ನು ಕೇಳುತ್ತದೆ. ನಾಲ್ಕು ಚಕ್ರಗಳ ಮೇಲೆ ಭದ್ರವಾಗಿ ನಿಂತ ವಾಹನಕ್ಕೆ 1.6, ಎರಡೇ ಚಕ್ರಗಳ ಮೇಲೆ ತೂಗಾಡುವುದಕ್ಕೆ ಅದರ ಅರ್ಧ! ಜರ್ಮನಿಯಲ್ಲಿ ಮೋಟಾರ್‌ಸೈಕಲ್ಲಿಗೂ 1.6 ಬೇಕು. ಬ್ರಿಟನ್ನಿನಲ್ಲಿ ಒಂದು ಮಿಲಿಮೀಟರ್. ವರ್ಷಕ್ಕೆ ನಾಲ್ಕು ತಿಂಗಳು ಮುಂಗಾರಿನಲ್ಲಿ ನೆನೆಯುವ ನಮ್ಮ ನಾಡಿಗೆ 0.8 ಸಾಕೆಂಬುದರ ಹಿಂದಿನ ತರ್ಕ ನನಗೆ ಎಟುಕುತ್ತಿಲ್ಲ. ನಾನೂ ಸುತ್ತೋಲೆಗಳನ್ನು ಬರೆದವನೇ. ಕನಿಷ್ಠ ಮಿತಿ ಎಂದು ನಾವು ಬರೆದದ್ದನ್ನು ಜನ 'ಇಲ್ಲಿಯವರೆಗೆ ಓಡಿಸಬಹುದು' ಎಂದೇ ಓದುತ್ತಾರೆ. ನಾನೂ ಹಾಗೆಯೇ ಓದಿದೆ.

ಇರುವ ನಿಯಮವನ್ನಾದರೂ ನೋಡುವವರಿದ್ದಾರೆಯೇ? ಖಾಸಗಿ ಬೈಕೊಂದು ಆರ್‌ಟಿಒ ಕಚೇರಿಗೆ ತಪಾಸಣೆಗಾಗಿ ಹೋಗುವುದು ನೋಂದಣಿಯಾಗಿ 15 ವರ್ಷಗಳ ನಂತರ. ನಡುವೆ ಹೊಗೆ ತಪಾಸಣೆಗೆ ನಿಯತವಾಗಿ ಹೋಗುತ್ತೇವೆ. ಅಲ್ಲಿ ಸೈಲೆನ್ಸರಿಗೆ ನಳಿಕೆ ತೂರಿಸುವ ಸಿಬ್ಬಂದಿಯ ಮೊಣಕಾಲಿನ ಪಕ್ಕದಲ್ಲೇ ಟೈರು ಇರುತ್ತದೆ. ಅದನ್ನು ನೋಡುವುದು ಅವರ ಕೆಲಸವಲ್ಲ. ಒಂದು ಆಳಮಾಪಕದ ಬೆಲೆ ಕೆಲವು ನೂರು ರೂಪಾಯಿ. ಹೊಗೆಯ ಪ್ರಮಾಣಪತ್ರದಲ್ಲಿ ಟೈರಿನ ಆಳಕ್ಕೂ ತಯಾರಿಕೆಯ ವರ್ಷಕ್ಕೂ ಎರಡು ಸಾಲು ಸೇರಿಸಲು ಸರ್ಕಾರಕ್ಕೆ ಹೊಸ ಇಲಾಖೆ ಬೇಕಿಲ್ಲ.

2022ರಲ್ಲಿ ಕೇಂದ್ರವು ಟೈರುಗಳ ಉರುಳು ಪ್ರತಿರೋಧ, ಒದ್ದೆ ರಸ್ತೆಯ ಹಿಡಿತ ಮತ್ತು ಸದ್ದಿಗೆ ಮಾನದಂಡಗಳನ್ನು ಕಡ್ಡಾಯ ಮಾಡಿತು. ಸ್ವಾಗತಾರ್ಹ ಹೆಜ್ಜೆ, ಆದರೆ ಅದು ಕಾರು, ಬಸ್ಸು, ಲಾರಿಗಳಿಗೆ ಮಾತ್ರ. ಯುರೋಪಿನ ಟೈರು ಲೇಬಲ್ಲಿನಲ್ಲೂ ಮೋಟಾರ್‌ಸೈಕಲ್ಲಿಗೆ ಜಾಗವಿಲ್ಲವೆಂಬುದು ಸಮಾಧಾನದ ಮಾತಾಗದು. ಅಲ್ಲಿ ಬೈಕು ಬಹುಮಟ್ಟಿಗೆ ಹವ್ಯಾಸದ ವಾಹನ, ಇಲ್ಲಿ ಕುಟುಂಬದ ವಾಹನ.

ತೆರಿಗೆಯಲ್ಲಿ ಮಾತ್ರ ಸರ್ಕಾರ ತಡವಾಗಿಯಾದರೂ ಕಣ್ತೆರೆಯಿತು. 2017ರ ಜುಲೈನಿಂದ ಟೈರಿನ ಮೇಲಿದ್ದ ಶೇ 28ರ ಜಿಎಸ್‌ಟಿ 2025ರ ಸೆಪ್ಟೆಂಬರಿನಲ್ಲಿ ಶೇ 18ಕ್ಕೆ ಇಳಿಯಿತು. ಎಂಟು ವರ್ಷ ನಾವು ಟೈರನ್ನು ವಿಲಾಸಿ ವಸ್ತುಗಳ ಸಾಲಿನಲ್ಲಿ ಕೂರಿಸಿದ್ದೆವು. ಇದರ ನಡುವೆ, 2020ರ ಜೂನ್‌ನಲ್ಲಿ, ದೇಶೀಯ ಉದ್ಯಮದ ಹಿತಕ್ಕಾಗಿ ಟೈರುಗಳ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಲಾಯಿತು. ಮೈಸೂರಿನ ವಿಕ್ರಾಂತ್ ಟೈರ್ಸ್ 1997ರಲ್ಲಿ ಜೆ.ಕೆ. ಸಂಸ್ಥೆಯ ಪಾಲಾದದ್ದನ್ನು ಕಂಡ ನನ್ನ ತಲೆಮಾರಿನವರಿಗೆ ದೇಶೀಯ ಉದ್ಯಮದ ಕಾಳಜಿ ಅರ್ಥವಾಗದ್ದೇನಲ್ಲ. ಆದರೆ ದೊಡ್ಡ ಬೈಕುಗಳ ಟೈರು ಆಗ ಇಲ್ಲಿ ಹೆಚ್ಚಾಗಿ ತಯಾರಾಗುತ್ತಿರಲಿಲ್ಲ. ಸರಕು ವಿರಳವಾದಾಗ ನನ್ನಂಥ ಗ್ರಾಹಕ ಸಿಕ್ಕಿದ್ದೇ ಪುಣ್ಯವೆಂದು ತಾರೀಖು ನೋಡದೆ ಕೊಂಡ. ಅಂಗಡಿಯವನ ಗೋದಾಮಿನ 2017ರ ಟೈರಿಗೆ ಹೀಗೆ ಮುಕ್ತಿ ಸಿಕ್ಕಿತು.

ಆದ್ದರಿಂದ ನನ್ನ ಮನವಿ ಮೂರೇ ವಿಷಯಗಳದ್ದು: ದ್ವಿಚಕ್ರಗಳಿಗೂ 1.6 ಮಿಲಿಮೀಟರ್, ಅವುಗಳ ಟೈರಿಗೂ ಒದ್ದೆ ಹಿಡಿತದ ಮಾನದಂಡ, ಪ್ರತಿ ಬಿಲ್ಲಿನಲ್ಲೂ ತಯಾರಿಕೆಯ ವಾರ ಮತ್ತು ವರ್ಷ. ಮೂರನೆಯದಕ್ಕಂತೂ ಮುದ್ರಣದ ಶಾಯಿಯ ಹೊರತು ಯಾವ ಖರ್ಚೂ ಇಲ್ಲ.

ನನ್ನ ಪತ್ನಿ ಮತ್ತೆ ಬೈಕು ಹತ್ತಲು ಎಂಟು ತಿಂಗಳು ಹಿಡಿಯಿತು. ಹೊಸ ಟೈರು ಹಾಕಿಸಿದ ದಿನ ಅವರೂ ಅಂಗಡಿಗೆ ಬಂದರು. ಕನ್ನಡಕ ಏರಿಸಿ, ಬಗ್ಗಿ, ನಾಲ್ಕು ಅಂಕಿಗಳನ್ನು ಬಾಯಿಬಿಟ್ಟು ಓದಿ, ಬಿಲ್ಲಿನ ಮೇಲೆ ಅದನ್ನು ಬರೆದುಕೊಡುವವರೆಗೆ ದುಡ್ಡು ಕೊಡಬೇಡಿರೆಂದು ನನಗೆ ತಾಕೀತು ಮಾಡಿದರು. ಅಂಗಡಿಯವರು ಗೊಣಗುತ್ತಲೇ ಬರೆದುಕೊಟ್ಟರು.